ಪಹಣಿಗೆ ಕಾಣದ ತಂತಿ

ಪಾವಗಡದ ಬಿಸಿಲಿಗೆ ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಆ ಬಿಸಿಲಿನಿಂದ ಹುಟ್ಟುವ ವಿದ್ಯುತ್ತನ್ನು ಬೆಂಗಳೂರಿಗೆ ಹೊತ್ತು ತರುವ ತಂತಿಯ ಕೆಳಗಿನ ಹೊಲಕ್ಕೆ ಮಾತ್ರ ಒಂದು ಸಲದ ಪರಿಹಾರ. ಈ ಭೇದಕ್ಕೆ ಕಾರಣ 1885ರ ಒಂದು ಕಾಯ್ದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ನೆಲ ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳು ಸಿಕ್ಕವು. ಜೊತೆಗೆ ಹರಕೆಗೆಂದು ಒಪ್ಪಿಸಿದ ಪುಟ್ಟ ಪುಟ್ಟ ಮಣ್ಣಿನ ಸ್ತೂಪಗಳೂ ಸಿಕ್ಕವು. ಅಂದಿನಿಂದ ರಾಜಘಟ್ಟದ ಹೆಸರು ಬಂದಾಗಲೆಲ್ಲ ನೆಲದಡಿಯ ಮಾತೇ ಮುಂದೆ ಬರುತ್ತದೆ. ನೆಲದಡಿ ಹಳೆಯದೇನಾದರೂ ಸಿಕ್ಕರೆ ಅದು ಯಾರದು, ಯಾರಿಗೆ ತಿಳಿಸಬೇಕು ಎಂದು ಹೇಳುವ ಕಾಯ್ದೆಗಳು ನಮ್ಮಲ್ಲಿವೆ. ನೆಲದ ಮೇಲಿನ ರಾಗಿ, ಜೋಳ, ದ್ರಾಕ್ಷಿ ತೋಟ ಯಾರದೆಂದು ಹೇಳಲು ಪಹಣಿ ಇದೆ. ಆದರೆ ಇಂಥದೊಂದು ಹೊಲದ ಮೇಲೆ, ಐದಾಳೆತ್ತರದಲ್ಲಿ, 400 ಕೆವಿಯ ಹೈಟೆನ್ಷನ್ ತಂತಿ ಹಾದುಹೋಯಿತೆನ್ನಿ. ಆಗ ಹೊಲದ ಒಡೆಯನ ಹಕ್ಕಿನಲ್ಲಿ ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಕೇಳಿದರೆ ಪಹಣಿ ಬಾಯಿ ಬಿಡುವುದಿಲ್ಲ. ಉತ್ತರ ಹುಡುಕಲು ಬ್ರಿಟಿಷರ ಕಾಲದ, ಟೆಲಿಗ್ರಾಫ್ ತಂತಿಗಾಗಿ ಮಾಡಿದ ಕಾಯ್ದೆಗೆ ಹೋಗಬೇಕು. ದೇಶದ ಇಂಧನ ನೀತಿಯ ಇವತ್ತಿನ ದೊಡ್ಡ ಕಾನೂನು ತೊಡಕು ಎಲ್ಲಿದೆ ಎಂದರೆ ಜನ ಸೋಲಾರ್ ಫಲಕದ ಕಡೆ, ಕಲ್ಲಿದ್ದಲಿನ ಕಡೆ, ಬಿಲ್ಲಿನ ಕಡೆ ನೋಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಈ ತಂತಿಯ ಕೆಳಗಿದೆ.

ಬಿಸಿಲಿಗೆ ಗುತ್ತಿಗೆ, ತಂತಿಗೆ ಪರಿಹಾರ

ಹೋಲಿಕೆಗೆ ದೂರ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅದನ್ನು ಕಟ್ಟುವಾಗ ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು, ಬಿಸಿಲಿನ ಬಾಡಿಗೆ ಬ್ಯಾಂಕ್ ಖಾತೆಗೆ ಬಂತು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುತ್ತಿದ್ದ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಪಾವಗಡದಲ್ಲಿ ಹುಟ್ಟಿದ ವಿದ್ಯುತ್ತನ್ನು ಪಾವಗಡವೇ ಉರಿಸಿ ಮುಗಿಸಲಾರದು. ಅದು ಹೊರಗೆ ಹೋಗಲೇಬೇಕು. ಅದಕ್ಕಾಗಿ ರೂಪಿಸಿದ ಮಾರ್ಗಗಳಲ್ಲಿ ಪಾವಗಡದಿಂದ ದೇವನಹಳ್ಳಿಗೆ ಬರುವ 400 ಕೆವಿ ಮಾರ್ಗವೂ ಒಂದು. ಆ ಎರಡು ಊರುಗಳ ನಡುವಿನ ದಾರಿಯಲ್ಲಿರುವುದು ದೊಡ್ಡಬಳ್ಳಾಪುರದ ಸೀಮೆ. ತಂತಿಯ ಆ ತುದಿಯಲ್ಲಿರುವ ರೈತ ಕಂಪನಿಗೆ ಭೂಮಿ ಬಾಡಿಗೆಗೆ ಕೊಟ್ಟವನು. ನಡುವೆ ತಂತಿಯ ಕೆಳಗೆ ಸಿಕ್ಕ ರೈತ ಪರಿಹಾರದ ಅರ್ಜಿದಾರ. ಇಬ್ಬರ ಭೂಮಿಯೂ ಬಳಕೆಯಾಗುವುದು ಒಂದೇ ಕೆಲಸಕ್ಕೆ. ಆದರೂ ಒಬ್ಬನಿಗೆ ಗುತ್ತಿಗೆ ಪತ್ರವಿದೆ, ಇನ್ನೊಬ್ಬನಿಗೆ ನೋಟಿಸ್ ಇದೆ.

ಈ ಭೇದ ಅಧಿಕಾರಿಗಳ ಮನಸ್ಸಿನಿಂದ ಬಂದದ್ದಲ್ಲ, ಕಾಯ್ದೆಯಿಂದ ಬಂದದ್ದು. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ, ವಿದ್ಯುತ್ ಮಾರ್ಗ ಎಳೆಯುವ ಸಂಸ್ಥೆಗೆ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ವಹಿಸಿಕೊಡಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಆ ಹಳೆಯ ಕಾಯ್ದೆಯ 10ನೇ ಕಲಂ ಪ್ರಕಾರ ಸಂಸ್ಥೆ ಯಾರ ಜಮೀನಿನ ಮೇಲಾದರೂ ತಂತಿ ಎಳೆಯಬಹುದು, ಕಂಬ ನೆಡಬಹುದು. ಅದಕ್ಕೆ ಸಿಗುವುದು ಬಳಸುವ ಹಕ್ಕು ಮಾತ್ರ, ಒಡೆತನವಲ್ಲ. ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. ರೈತ ಅಡ್ಡಿಪಡಿಸಿದರೆ 16ನೇ ಕಲಂ ಅಡಿ ಜಿಲ್ಲಾ ಮ್ಯಾಜಿಸ್ಟ್ರೇಟರು ದಾರಿ ಬಿಡಿಸಿಕೊಡಬಹುದು. ಪರಿಹಾರ ಸಾಲದು ಎಂದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬೇಕು. ಛತ್ತೀಸಗಢದ ಸುಣ್ಣಕಲ್ಲು ಗಣಿ ಭೂಮಿಯ ಮೇಲೆ ತಂತಿ ಎಳೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಕೇಂದ್ರದ ಪ್ರಸರಣ ಸಂಸ್ಥೆ ಪವರ್ ಗ್ರಿಡ್ ಪರವಾಗಿ ತೀರ್ಪು ಕೊಟ್ಟು, ಈ ಅಧಿಕಾರ ಇರುವ ಸಂಸ್ಥೆಗೆ ಭೂಮಾಲೀಕನ ಮುನ್ಸಮ್ಮತಿ ಬೇಕಿಲ್ಲ ಎಂದಿತು. ಎಂದರೆ ಬೇಡ ಎನ್ನುವ ಹಕ್ಕು ರೈತನಿಗೆ ಇಲ್ಲ. ಉಳಿದಿರುವುದು ಎಷ್ಟು ಎಂದು ಕೇಳುವ ಹಕ್ಕು.

ಎರಡು ಎಕರೆಯ ಲೆಕ್ಕ

ಹಾಗಾದರೆ ಎಷ್ಟು? ಕಣ್ಣೆದುರಿಗೆ ಒಂದು ಹೊಲ ತಂದುಕೊಳ್ಳೋಣ. ಎರಡು ಎಕರೆ, ಹೆಚ್ಚುಕಡಿಮೆ ಚೌಕ. ಬದಿಯಿಂದ ಬದಿಗೆ 90 ಮೀಟರ್. ನಡುವೆ ನೇರವಾಗಿ ಒಂದು 400 ಕೆವಿ ಮಾರ್ಗ ಹಾದುಹೋಗುತ್ತದೆ. ಈ ಮಾರ್ಗಕ್ಕೆ ನಿಗದಿಯಾದ ಕಾರಿಡಾರ್ ಅಗಲ 46 ಮೀಟರ್. 46ನ್ನು 90ರಿಂದ ಗುಣಿಸಿದರೆ 4,140 ಚದರ ಮೀಟರ್, ಎಂದರೆ 41 ಗುಂಟೆಯಷ್ಟು. 80 ಗುಂಟೆಯ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ತಂತಿಯ ನೆರಳಿಗೆ ಹೋಯಿತು. ಟವರ್ ಈ ಹೊಲದಲ್ಲಿ ಬೀಳದೆ ಪಕ್ಕದ ಹೊಲದಲ್ಲಿ ಬಿದ್ದರೂ ಇಷ್ಟು ಹೋಗುತ್ತದೆ. ಆ 41 ಗುಂಟೆಯಲ್ಲಿ ರಾಗಿ ಬಿತ್ತಬಹುದು, ಅವರೆ ಹಾಕಬಹುದು. ತೆಂಗು, ಮಾವು, ನೀಲಗಿರಿ ಬೆಳೆಸುವಂತಿಲ್ಲ. ಮನೆ ಕಟ್ಟುವಂತಿಲ್ಲ. ಬೋರ್‌ವೆಲ್ ಲಾರಿ ತಂದು ಕಬ್ಬಿಣದ ಕಂಬ ಎತ್ತಿ ನಿಲ್ಲಿಸುವುದು ಜೀವಕ್ಕೆ ಅಪಾಯ. ನಾಳೆ ಭೂಪರಿವರ್ತನೆ ಮಾಡಿಸಿ ನಾಲ್ಕು ಸೈಟು ಮಾಡುವ ಯೋಚನೆ ಇದ್ದರೆ ಅದೂ ಬಿತ್ತು. ಉಳಿದ 39 ಗುಂಟೆಯೂ ಎರಡು ಕಡೆ ಎರಡು ಪಟ್ಟಿಯಾಗಿ ಹಂಚಿಹೋಯಿತು. ಕೊಳ್ಳಲು ಬಂದವನು ಮೊದಲು ನೋಡುವುದು ಪಹಣಿಯನ್ನಲ್ಲ, ತಲೆಯೆತ್ತಿ ತಂತಿಯನ್ನು.

ಇದಕ್ಕೆ ಕೇಂದ್ರ ಇಂಧನ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿದ್ದು: ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ಕಾರಿಡಾರ್‌ಗೆ ಹೆಚ್ಚೆಂದರೆ ಶೇ 15. ಎಲ್ಲೆಡೆ ಜಗಳ ಎದ್ದು ಮಾರ್ಗಗಳು ನಿಂತಾಗ 2024ರ ಜೂನ್‌ನಲ್ಲಿ ಟವರ್ ಜಾಗಕ್ಕೆ ಶೇ 200, ಕಾರಿಡಾರ್‌ಗೆ ಶೇ 30 ಆಯಿತು. ಒಂದು ವರ್ಷವೂ ತುಂಬುವ ಮೊದಲೇ, 2025ರ ಮಾರ್ಚ್‌ನಲ್ಲಿ, ಕಾರಿಡಾರ್ ಪರಿಹಾರವನ್ನು ಗ್ರಾಮೀಣ ಪ್ರದೇಶಕ್ಕೆ ಶೇ 30, ನಗರ ಪ್ರದೇಶಕ್ಕೆ ಶೇ 45, ಮಹಾನಗರಕ್ಕೆ ಶೇ 60 ಎಂದು ವಿಂಗಡಿಸಿ, ಮಾರುಕಟ್ಟೆ ಬೆಲೆ ಗೊತ್ತುಮಾಡಲು ಸಮಿತಿಯನ್ನೂ ಸೂಚಿಸಿದರು. ಹತ್ತು ವರ್ಷದಲ್ಲಿ 15 ಇದ್ದದ್ದು 60ರವರೆಗೆ ಏರಿತೆಂದರೆ ಮೊದಲಿನ ಲೆಕ್ಕ ಎಷ್ಟು ಅನ್ಯಾಯದ್ದಾಗಿತ್ತೆಂದು ಸರ್ಕಾರವೇ ಒಪ್ಪಿದಂತಾಯಿತು. ಆದರೂ ಎರಡು ಗಂಟು ಬಿಚ್ಚಿಲ್ಲ. ಒಂದು, ಈ ಮಾರ್ಗಸೂಚಿ ಅಂತರರಾಜ್ಯ ಮಾರ್ಗಗಳಿಗೆ. ರಾಜ್ಯದೊಳಗಿನ ಮಾರ್ಗಗಳಿಗೆ ಒಪ್ಪಿಕೊಳ್ಳುವುದು, ಬಿಡುವುದು ರಾಜ್ಯಕ್ಕೆ ಸೇರಿದ್ದು. ಪಕ್ಕಪಕ್ಕದ ಹೊಲದವರು ತಂತಿ ಯಾರದು ಎಂಬುದರ ಮೇಲೆ ಬೇರೆ ಬೇರೆ ದರ ಪಡೆಯಬಹುದು. ಎರಡು, ಗ್ರಾಮ ಎಲ್ಲಿ ಮುಗಿಯಿತು, ನಗರ ಎಲ್ಲಿ ಶುರುವಾಯಿತು? 2025ರ ಜುಲೈನಲ್ಲಿ ರಾಜ್ಯ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರಿನಿಂದ ಗ್ರಾಮ ಹೋಯಿತು, ಬೆಲೆಯಲ್ಲಿ ಗ್ರಾಮ ಎಂದೋ ಹೋಗಿದೆ. ಆದರೆ ರಾಜಘಟ್ಟದಂಥ ಊರುಗಳು ದಾಖಲೆಯಲ್ಲಿ ಇನ್ನೂ ಗ್ರಾಮ ಪಂಚಾಯಿತಿಗಳೇ. ಶೇ 30ರ ಸಾಲಿಗೋ 45ರ ಸಾಲಿಗೋ ಎಂಬ ಒಂದು ಟಿಪ್ಪಣಿಯಲ್ಲಿ ಲಕ್ಷಾಂತರ ರೂಪಾಯಿ ಅತ್ತಿತ್ತ ಆಗುತ್ತದೆ.

ಇನ್ನೊಂದು ಹೋಲಿಕೆಯೂ ಮನೆಬಾಗಿಲಲ್ಲೇ ಇದೆ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆ ರಾಷ್ಟ್ರೀಯ ಹೆದ್ದಾರಿ. ಇಂಥ ಹೆದ್ದಾರಿಗೆ ಹೋದ ಭೂಮಿಗೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಸಿಗಬೇಕು. ಒಂದೇ ಸರ್ವೆ ನಂಬರಿನ ಒಂದು ಮೂಲೆ ರಸ್ತೆಗೆ, ಇನ್ನೊಂದು ಮೂಲೆ ತಂತಿಗೆ ಹೋದರೆ ಮೊದಲನೆಯದಕ್ಕೆ ದುಪ್ಪಟ್ಟು, ಎರಡನೆಯದಕ್ಕೆ ಗ್ರಾಮದ ದರದಲ್ಲಿ ಮೂರರಲ್ಲೊಂದು ಪಾಲೂ ಕಷ್ಟ. ರಸ್ತೆಗೆ ಭೂಮಿ ಪೂರ್ತಿ ಹೋಗುತ್ತದೆ, ತಂತಿಗೆ ಹೋಗುವುದಿಲ್ಲ ಎಂಬ ಮಾತು ನಿಜ. ಆದರೆ ರಸ್ತೆಗೆ ಕೊಟ್ಟವನು ಹಣ ತೆಗೆದುಕೊಂಡು ಬೇರೆಡೆ ಭೂಮಿ ನೋಡಬಹುದು. ತಂತಿಯ ಕೆಳಗಿನವನು ಅದೇ ಹೊಲದಲ್ಲಿ, ಅದೇ ತಂತಿಯ ಕೆಳಗೆ, ಅರ್ಧ ಹಕ್ಕಿನೊಂದಿಗೆ ಬದುಕಬೇಕು. ಕಂದಾಯ ಮಾತ್ರ ಪೂರ್ತಿ ಅವನದೇ.

ಬಳಸುವವರೆಗೆ ಬಾಡಿಗೆ

ನನ್ನ ವಾದ ಇಷ್ಟೇ. ಕಾಯ್ದೆಯೇ ಇದನ್ನು ಬಳಕೆಯ ಹಕ್ಕು ಎಂದು ಕರೆದ ಮೇಲೆ, ಹಣವೂ ಬಳಕೆಯ ರೀತಿಯಲ್ಲೇ ಬರಬೇಕು. ಬಳಸುವಷ್ಟು ಕಾಲ ಕೊಡಬೇಕು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಲೆಕ್ಕದಲ್ಲಿ ಒಂದು ಪ್ರಸರಣ ಮಾರ್ಗದ ಆಯಸ್ಸು 35 ವರ್ಷ. ಅಷ್ಟೂ ವರ್ಷ ಆ ಮಾರ್ಗದ ಮಾಲೀಕನಿಗೆ ಪ್ರಸರಣ ಶುಲ್ಕ ಬರುತ್ತಲೇ ಇರುತ್ತದೆ. ಅಷ್ಟೂ ವರ್ಷ ಅವನ ಕೆಲಸದವರು ಮರ ಕಡಿಯಲು, ತಂತಿ ನೋಡಲು ಹೊಲಕ್ಕೆ ಇಳಿಯುತ್ತಲೇ ಇರುತ್ತಾರೆ. ರೈತನ ಲೆಕ್ಕ ಮಾತ್ರ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಪೇಟೆಯಲ್ಲಿ ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ನಿಲ್ಲಿಸಿಕೊಂಡವರು ತಿಂಗಳು ತಿಂಗಳು ಬಾಡಿಗೆ ಎಣಿಸುತ್ತಾರೆ. ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಯಾರೂ ಅನ್ನುವುದಿಲ್ಲ. ಇದರಲ್ಲಿ ಒಂದು ವಿಚಿತ್ರವಿದೆ. 1885ರ ಟೆಲಿಗ್ರಾಫ್ ಕಾಯ್ದೆಯನ್ನು ತೆಗೆದುಹಾಕಲು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯ್ದೆ ತಂದಾಗ, ಖಾಸಗಿ ಜಾಗದ ವಿಚಾರದಲ್ಲಿ ಮಾಲೀಕನೊಂದಿಗೆ ಒಪ್ಪಂದ, ಪರಸ್ಪರ ಒಪ್ಪಿದ ಪ್ರತಿಫಲ ಎಂಬ ದಾರಿ ಹಾಕಿಕೊಟ್ಟಿತು. ಸಾರ್ವಜನಿಕ ಹಿತಕ್ಕೆ ಬೇಕೇಬೇಕಾದರೆ ಸರ್ಕಾರ ನಡುವೆ ಬರಬಹುದು ಎಂದೂ ಇಟ್ಟಿತು. ಅದೇ ಕಾಯ್ದೆಯಲ್ಲಿ, ವಿದ್ಯುತ್ ಮಾರ್ಗಗಳಿಗೆ ಮಾತ್ರ ಹಳೆಯ ಕಾಯ್ದೆಯ ಮೂರನೇ ಭಾಗ ಹಾಗೆಯೇ ಮುಂದುವರಿಯಲಿ ಎಂದು ಉಳಿಸಿಕೊಂಡಿತು. ಟೆಲಿಗ್ರಾಫಿಗಾಗಿ ಹುಟ್ಟಿದ ಕಠಿಣ ನಿಯಮ ಟೆಲಿಗ್ರಾಫಿನ ವಾರಸುದಾರರನ್ನು ಬಿಟ್ಟಿತು, ಅದನ್ನು ಸಾಲ ಪಡೆದ ವಿದ್ಯುತ್ ಸಂಸ್ಥೆಗಳ ಬಳಿ ಉಳಿಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ತಂತಿ ಎಳೆಯದೆ ವಿದ್ಯುತ್ ಇಲ್ಲ. 2030ರೊಳಗೆ ದೇಶದಲ್ಲಿ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ ಕಟ್ಟುವ ಗುರಿ ಇದೆ. ರಾಜಸ್ಥಾನದಲ್ಲಿ ಫಲಕಗಳು ಸಿದ್ಧವಿದ್ದೂ ಹೊರಗೆ ಸಾಗಿಸಲು ಮಾರ್ಗ ಸಾಲದೆ ಉತ್ಪಾದನೆ ತಡೆಹಿಡಿಯಬೇಕಾಗಿ ಬಂದದ್ದನ್ನು 2025ರಲ್ಲಿ ಕಂಡೆವು. ಒಬ್ಬೊಬ್ಬ ರೈತನಿಗೂ ಬೇಡ ಎನ್ನುವ ಹಕ್ಕು ಕೊಟ್ಟರೆ ನೂರು ಕಿಲೋಮೀಟರಿನ ಮಾರ್ಗವನ್ನು ಒಂದು ಗುಂಟೆ ನಿಲ್ಲಿಸಬಹುದು. ಒಪ್ಪತಕ್ಕ ಮಾತು. ಅದಕ್ಕೇ ಈ ಲೇಖನ ಕೇಳುತ್ತಿರುವುದು ತಡೆಯುವ ಹಕ್ಕನ್ನಲ್ಲ, ಬೆಲೆಯನ್ನು. ತಂತಿ ಅಲುಗಾಡಿಸಲಾಗದ ನೇರ ಗೆರೆ ಆಗಿರುವುದರಿಂದಲೇ, ತಪ್ಪಿಸಿಕೊಳ್ಳಲಾಗದವನಿಗೆ ಬೆಲೆ ಹೆಚ್ಚು ಸಿಗಬೇಕು. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಬಾಯಿಂದ ಹೇಳಿಸಿದರು. ಒಂದೇ ಕಡೆ ಇರುವ ಊರುಗಳಿಗೆ ಅಂಥ ಒಗ್ಗಟ್ಟು ಸಾಧ್ಯ. ತಂತಿಯ ಕೆಳಗಿನವರು ನೂರು ಊರಲ್ಲಿ ಚದುರಿದವರು. ಒಂದು ಊರಲ್ಲಿ ಮೂವರು, ಇನ್ನೊಂದರಲ್ಲಿ ಇಬ್ಬರು. ಅವರಿಗೆ ಬಲ ಕಾಯ್ದೆಯಿಂದಲೇ ಬರಬೇಕು.

ಎರಡನೇ ಆಕ್ಷೇಪ ಬಿಲ್ಲಿನದು. ಬಾಡಿಗೆ ಕೊಟ್ಟರೆ ಅದು ಕೊನೆಗೆ ನಮ್ಮ ನಿಮ್ಮ ವಿದ್ಯುತ್ ಬಿಲ್ಲಿಗೇ ಬರುತ್ತದೆ. ಬರುತ್ತದೆ, ಎಷ್ಟು ಬರುತ್ತದೆ ನೋಡೋಣ. 46 ಮೀಟರ್ ಅಗಲದ ಕಾರಿಡಾರ್ ಒಂದು ಕಿಲೋಮೀಟರಿಗೆ ಸುಮಾರು 11.4 ಎಕರೆ ಆಗುತ್ತದೆ. ಪಾವಗಡದ ಪೂರ್ಣ ದರವನ್ನೇ, 21,000 ರೂಪಾಯಿಯನ್ನೇ, ಕೊಟ್ಟರೆ ಕಿಲೋಮೀಟರಿಗೆ ವರ್ಷಕ್ಕೆ 2.4 ಲಕ್ಷ. 100 ಕಿಲೋಮೀಟರಿಗೆ 2.4 ಕೋಟಿ. ಆ ಮಾರ್ಗದಲ್ಲಿ 1,000 ಮೆಗಾವಾಟ್ ಸೋಲಾರ್ ವಿದ್ಯುತ್ ಹರಿದು, ಅದು ವರ್ಷದ ಐದನೇ ಒಂದು ಭಾಗದಷ್ಟು ಹೊತ್ತು ಪೂರ್ಣವಾಗಿ ಹರಿದ ಲೆಕ್ಕ ಹಿಡಿದರೆ ಸುಮಾರು 175 ಕೋಟಿ ಯೂನಿಟ್. ಭಾಗಿಸಿದರೆ ಯೂನಿಟ್ಟಿಗೆ ಒಂದೂವರೆ ಪೈಸೆಗೂ ಕಡಿಮೆ. ಬೆಂಗಳೂರಿನ ಸೆರಗಿನ ಭೂಮಿಗೆ ಪಾವಗಡದ ದರ ಸಾಲದು ಎಂದು ಐದು ಪಟ್ಟು ಮಾಡಿದರೂ ಏಳು ಪೈಸೆ. ನೌಕರರ ಪಿಂಚಣಿ, ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆಯ ಸರ್‌ಚಾರ್ಜನ್ನು ಕರ್ನಾಟಕದ ಗ್ರಾಹಕರ ಮೇಲೆ 2025ರ ಏಪ್ರಿಲ್ 1ರಿಂದ ಹೇರಲಾಯಿತು. ಅದು ಸರಿಯೋ ತಪ್ಪೋ ಬೇರೆ ಮಾತು. ಅಷ್ಟನ್ನು ಹಂಚಿಕೊಳ್ಳಬಲ್ಲ ವ್ಯವಸ್ಥೆ ಇದನ್ನು ಹಂಚಿಕೊಳ್ಳಲಾರದು ಎಂದರೆ ನಂಬುವುದು ಕಷ್ಟ. ಲಕ್ಷಾಂತರ ಬಿಲ್ಲುಗಳಲ್ಲಿ ಕಾಣದೆ ಕರಗುವ ಪೈಸೆಗಳನ್ನು ಉಳಿಸಲು, ಕೆಲವು ನೂರು ರೈತರ ಆಸ್ತಿಯ ಅರ್ಧ ಬೆಲೆ ಕಳೆಯುತ್ತಿದ್ದೇವೆ.

ಮೂರನೆಯವರು ಕೇಳುವುದು: ಭೂಮಿಯ ಬೆಲೆಯ ಶೇ 30ನ್ನೋ 60ನ್ನೋ ಕೊಟ್ಟ ಮೇಲೆ ಮತ್ತೆ ಬಾಡಿಗೆ ಎಂದರೆ ಎರಡು ಸಲ ಕೊಟ್ಟಂತಲ್ಲವೇ? ಅಲ್ಲ. ಮೊದಲಿನದು ಹೊಲದ ಬೆಲೆ ಕುಸಿದದ್ದಕ್ಕೆ, ಎರಡನೆಯದು ಹೊಲವನ್ನು ಬಳಸುತ್ತಿರುವುದಕ್ಕೆ. ಅಂಗಡಿ ಬಾಡಿಗೆಗೆ ಹಿಡಿದವನು ಗೋಡೆ ಒಡೆದರೆ ಅದರ ಖರ್ಚನ್ನೂ ಕೊಡುತ್ತಾನೆ, ಬಾಡಿಗೆಯನ್ನೂ ಕೊಡುತ್ತಾನೆ. ಪರಿಹಾರಕ್ಕೆ ಒಂದೇ ಸೂತ್ರ ಸಾಲದು, ಭೂಮಿ ಎಲ್ಲಿದೆ, ತಂತಿ ಎಷ್ಟು ದೂರದಲ್ಲಿದೆ, ಎಷ್ಟು ಭಾಗ ಬಳಕೆಗೆ ಬಾರದಾಗಿದೆ ಎಂಬುದನ್ನೆಲ್ಲ ನೋಡಬೇಕು ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲೇ ಹೇಳಿದೆ. ಇನ್ನು, ತಂತಿಯನ್ನು ನೆಲದಡಿ ಹಾಕಿಬಿಡಿ ಎನ್ನುವವರ ಮಾತು. ಹೆಬ್ಬಕ ಹಕ್ಕಿಯ ಉಳಿವಿಗಾಗಿ ರಾಜಸ್ಥಾನ, ಗುಜರಾತ್‌ಗಳಲ್ಲಿ ತಂತಿ ನೆಲದಡಿ ಹಾಕಿ ಎಂದು 2021ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟೇ 2024ರ ಮಾರ್ಚ್‌ನಲ್ಲಿ ತನ್ನ ಆದೇಶ ಸಡಿಲಿಸಿ, ತಜ್ಞರ ಸಮಿತಿ ನೋಡಲಿ ಎಂದಿತು. ಭಾರಿ ಒತ್ತಡದ ಮಾರ್ಗಕ್ಕೆ ಅದು ಎಲ್ಲೆಡೆ ಆಗುವ ಕೆಲಸವಲ್ಲ. ಗಮನಿಸಬೇಕಾದದ್ದು ಬೇರೆ. ಹಕ್ಕಿಯ ಮೇಲೆ ಹೋಗುವ ತಂತಿ ದೇಶದ ದೊಡ್ಡ ಕೋರ್ಟಿನಲ್ಲಿ ವರ್ಷಗಟ್ಟಲೆ ಚರ್ಚೆಯಾಯಿತು. ರಾಗಿ ಹೊಲದ ಮೇಲೆ ಹೋಗುವ ತಂತಿಗೆ ಜಿಲ್ಲಾ ಕಚೇರಿಯ ಒಂದು ಆದೇಶ ಸಾಕು.

ನಾಲ್ಕನೇ ತೊಡಕನ್ನು ಮುಚ್ಚಿಡುವಂತಿಲ್ಲ. ಬಾಡಿಗೆ ಯಾರಿಗೆ ಕೊಡುವುದು? ನಮ್ಮ ಹಳ್ಳಿಗಳಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವುದು ಅಪರೂಪವಲ್ಲ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ ಆಗಿಲ್ಲ, ಹೆಣ್ಣುಮಕ್ಕಳ ಪಾಲು ಕೇಳಿದವರಿಲ್ಲ. ಪಾವಗಡದ ಮಾದರಿಗೂ ಮಿತಿ ಇದೆ: ಪಹಣಿ ಇದ್ದವರಿಗೆ ಗುತ್ತಿಗೆ ಬಂತು, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಕೆಲಸ ಹೋಯಿತು. ಆದರೆ ದಾಖಲೆ ಗೋಜಲು ಎಂಬುದು ಒಂದೇ ಸಲ ಕೊಡುವುದಕ್ಕೆ ಇನ್ನೂ ದೊಡ್ಡ ವಿರೋಧ. ತಪ್ಪು ಕೈಗೆ ಹೋದ ಇಡಿಗಂಟು ಹಿಂದಿರುಗಿ ಬರುವುದಿಲ್ಲ. ವರ್ಷದ ಬಾಡಿಗೆಯಾದರೆ ತಕರಾರು ತೀರುವವರೆಗೆ ಠೇವಣಿ ಇಡಬಹುದು, ತೀರಿದ ಮೇಲೆ ಸರಿಯಾದವರಿಗೆ ಹೋಗಬಹುದು, ಮುಂದೆ ಹೊಲ ಕೊಂಡವನಿಗೂ ಸಲ್ಲಬಹುದು. ತಂತಿಯ ಕೆಳಗೆ ಬೇಸಾಯ ನಿಲ್ಲದ ಕಾರಣ ಕೂಲಿಯೂ ಪೂರ್ತಿ ನಿಲ್ಲುವುದಿಲ್ಲ.

ಹನ್ನೊಂದನೇ ಕಾಲಂ

ಇದಕ್ಕಾಗಿ ದೆಹಲಿ ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಹಳೆಯ ಕಾಯ್ದೆ ಪೂರ್ಣ ಪರಿಹಾರ ಎನ್ನುತ್ತದೆ, ಒಂದೇ ಕಂತು ಎನ್ನುವುದಿಲ್ಲ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಭೂಮಿ ರಾಜ್ಯ ಪಟ್ಟಿಯಲ್ಲಿದೆ. ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್ ಎಳೆಯುವ ಮಾರ್ಗಗಳಿಗಾದರೂ ಕರ್ನಾಟಕ ವಾರ್ಷಿಕ ಬಾಡಿಗೆಯ ನೀತಿ ತರಬಹುದು. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಆ ಖರ್ಚನ್ನು ಪ್ರಸರಣ ಶುಲ್ಕದಲ್ಲಿ ಒಪ್ಪಬಹುದು. ಪಾವಗಡದಂತೆ ಎರಡು ವರ್ಷಕ್ಕೊಮ್ಮೆ ಏರಿಕೆ ಇಡಬಹುದು. ಗ್ರಾಮವೋ ನಗರವೋ ಎಂಬ ಜಗಳವನ್ನು ಪಂಚಾಯಿತಿಯ ಹಣೆಪಟ್ಟಿಯಿಂದ ಬಿಡಿಸಿ, ಆ ಸುತ್ತಿನ ನಿಜವಾದ ಕ್ರಯದ ಬೆಲೆಗೆ ಕಟ್ಟಬಹುದು.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಿಲ್ಲ. ನಮ್ಮ ಪಹಣಿಯಲ್ಲಿ ಒಂಬತ್ತನೇ ಕಾಲಂ ಒಡೆಯನ ಹೆಸರಿಗೆ. ಒಡೆತನ ಕೈಬದಲಾಗದ ಕಾರಣ ತಂತಿ ಬಂದರೂ ಅಲ್ಲಿ ಏನೂ ಬದಲಾಗುವುದಿಲ್ಲ. ಹನ್ನೊಂದನೇ ಕಾಲಂ ಇತರೆ ಹಕ್ಕು ಮತ್ತು ಋಣಗಳಿಗೆ. ಬೆಳೆಸಾಲ ಪಡೆದರೆ ಬ್ಯಾಂಕಿನ ಹೆಸರು ಅಲ್ಲಿ ಕೂರುತ್ತದೆ. ತಂತಿಯ ಬಳಕೆಯ ಹಕ್ಕೂ, ಅದರ ಬಾಡಿಗೆಯೂ ಅಲ್ಲೇ ದಾಖಲಾಗಲಿ: ಯಾವ ಸಂಸ್ಥೆ, ಎಷ್ಟು ಗುಂಟೆ, ಎಷ್ಟು ವರ್ಷ, ವರ್ಷಕ್ಕೆ ಎಷ್ಟು. ಬರೆದರೆ ಭೂಮಿಯ ಬೆಲೆ ಬೀಳುತ್ತದೆ ಎನ್ನುವವರಿಗೆ, ತಂತಿ ಬಂದ ದಿನವೇ ಅದು ಬಿದ್ದಿದೆ ಎಂಬುದೇ ಉತ್ತರ. ಬರೆಯದಿದ್ದರೆ ಬಿದ್ದದ್ದಕ್ಕೆ ಸಾಕ್ಷಿಯೂ ಇಲ್ಲ. ಇಷ್ಟು ವರ್ಷ ಆ ಕಾಲಂ ರೈತ ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನೇ ಬರೆದುಕೊಂಡು ಬಂದಿದೆ. ಅವನಿಗೆ ಬರಬೇಕಾದದ್ದಕ್ಕೂ ಅಲ್ಲಿ ಒಂದು ಸಾಲಿನ ಜಾಗ ಮಾಡಿಕೊಡಬಹುದು.